ಆ ಕೂಸಿನ ಹೆಸರೂ ಅಂಗನವಾಡಿ ಪುಸ್ತಕದಲ್ಲಿರಲಿ

(ಪಾಲಾರ್‌ನಲ್ಲಿ ಸೇರಿದ್ದ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ಆಡಿದ ಮಾತುಗಳು)



ಒಂದು ದಿನದ ಕೂಲಿ ಬಿಟ್ಟು, ದನಕರುಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದಿದ್ದೀರಿ. ಪ್ರತಿ ಸಲ ಸೇರಿದಾಗ ಉಳಿತಾಯ, ಸಾಲ, ಮರುಪಾವತಿ ಅಂತ ಮಾತಾಡ್ತೇವೆ. ಇವತ್ತು ಲೆಕ್ಕದ ಪುಸ್ತಕ ಸ್ವಲ್ಪ ಪಕ್ಕಕ್ಕಿಡೋಣ. ನಮ್ಮ ಊರು, ಪೋಡುಗಳಲ್ಲಿ ಮನೆಯೊಳಗೇ ಉಳಿದುಬಿಟ್ಟ ಕೂಸುಗಳ ವಿಚಾರ ಮಾತಾಡೋಣ.

ಮೂರು ವರ್ಷ ತುಂಬಿದರೂ ನಡೆಯದ ಕೂಸು, ಕರೆದರೆ ತಿರುಗಿ ನೋಡದ ಕೂಸು, ಮಾತು ಬಾರದ ಕೂಸು, ಬುದ್ಧಿ ಬೆಳವಣಿಗೆ ನಿಧಾನವಾದ ಕೂಸು. ಓರಗೆಯ ಮಕ್ಕಳು ಬೆಳಿಗ್ಗೆ ಅಂಗನವಾಡಿಗೆ ಹೋಗ್ತಾರೆ. ಇವರು ಮಾತ್ರ ಅಜ್ಜಿಯ ಪಕ್ಕ ಜಗುಲಿಯ ಮೇಲೆ. ಯಾಕೆ ಕಳಿಸಿಲ್ಲ ಅಂತ ಕೇಳಿದರೆ, “ಅದು ಹಂಗೇ ಕಣವ್ವ, ಅದ ಕಳ್ಸಿ ಏನ್ ಮಾಡದು?” ಅನ್ನುವ ಮಾತು ಬರುತ್ತದೆ. ಹೀಗನ್ನುವ ತಾಯಿಗೆ ಪ್ರೀತಿ ಕಡಿಮೆ ಅಂತ ನಾವು ಹೇಳುವುದಿಲ್ಲ. ಬೇರೆ ಮಕ್ಕಳು ಹೊಡೆದಾರು, ನಕ್ಕಾರು, ಟೀಚರ್ ಬೈದಾರು ಅನ್ನುವ ಭಯ ಅವಳಿಗೆ. ಆದರೆ ಆ ಭಯದಿಂದ ಕೂಸಿಗೆ ಏನೇನು ತಪ್ಪಿಹೋಗುತ್ತದೆ ಅನ್ನುವುದನ್ನು ನಾವು ಲೆಕ್ಕ ಹಾಕಬೇಕು.

ಅಂಗನವಾಡಿ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು. ದೇಶದಲ್ಲಿ ಮೊದಲು ಆರಿಸಿದ 33 ಜಾಗಗಳಲ್ಲಿ ಟಿ. ನರಸೀಪುರವೂ ಒಂದು. ಕೊಳ್ಳೇಗಾಲದಿಂದ ಮೈಸೂರಿಗೆ ಹೋಗುವಾಗ ನಾವು ದಾಟಿಹೋಗುವ ಊರೇ ಅದು. ಆಗಿನಿಂದ ಈಗಿನವರೆಗೂ ಈ ಯೋಜನೆ ಆರು ವರ್ಷದೊಳಗಿನ ಮಕ್ಕಳಿಗಾಗಿ ಇದೆ. ಕೈಕಾಲು ಚೆನ್ನಾಗಿರುವ ಮಕ್ಕಳಿಗೆ ಮಾತ್ರ ಅಂತ ಎಲ್ಲೂ ಬರೆದಿಲ್ಲ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆರು ತಿಂಗಳಿಂದ ಆರು ವರ್ಷದವರೆಗಿನ ಮಗುವಿಗೆ ಅಂಗನವಾಡಿಯಿಂದ ಉಚಿತ ಆಹಾರ ಸಿಗಬೇಕು. ತೀವ್ರ ಅಪೌಷ್ಟಿಕತೆ ಇರುವ ಮಗುವಿಗೆ ಹೆಚ್ಚಿನ ಆಹಾರ ಸಿಗಬೇಕು. ನುಂಗಲು, ಅಗಿಯಲು ಕಷ್ಟಪಡುವ ವಿಕಲಚೇತನ ಮಕ್ಕಳು ಎಷ್ಟೋ ಸಲ ಸೊರಗಿರುತ್ತಾರೆ. ಆ ಆಹಾರ ಎಲ್ಲರಿಗಿಂತ ಹೆಚ್ಚು ಬೇಕಾಗಿರುವುದು ಅವರಿಗೇ.

ಇನ್ನೊಂದು ದೊಡ್ಡ ವಿಷಯ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಲ್ಲಿ ಶುರುವಾಯಿತು. ಇದರಲ್ಲಿ ವೈದ್ಯರ ತಂಡ ಗಾಡಿಯಲ್ಲಿ ಬಂದು ವರ್ಷಕ್ಕೆ ಎರಡು ಸಲ ಅಂಗನವಾಡಿ ಮಕ್ಕಳನ್ನು ಪರೀಕ್ಷೆ ಮಾಡಬೇಕು. ಹುಟ್ಟಿನಿಂದ ಬಂದ ದೋಷ, ಕಾಯಿಲೆ, ಪೋಷಣೆಯ ಕೊರತೆ, ಬೆಳವಣಿಗೆಯ ವಿಳಂಬ ಇವನ್ನೆಲ್ಲ ನೋಡಿ, ಬೇಕಾದವರನ್ನು ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸುತ್ತಾರೆ. ಯೋಚನೆ ಮಾಡಿ. ಪಾಲಾರ್‌ನಿಂದ ಬೆಟ್ಟ ಹತ್ತಿ ಇಳಿದು, ಹನೂರು, ಕೊಳ್ಳೇಗಾಲ ದಾಟಿ ಚಾಮರಾಜನಗರಕ್ಕೆ ಕೂಸನ್ನು ಎತ್ತಿಕೊಂಡು ಹೋಗುವುದು ಎಂಥ ಕಷ್ಟ! ಡಾಕ್ಟರೇ ನಮ್ಮ ಹತ್ತಿರ ಬರುವ ದಿನ ಕೂಸು ಮನೆಯೊಳಗಿದ್ದರೆ, ಅದಿದೆ ಅಂತ ಅವರಿಗೆ ಗೊತ್ತಾಗುವುದು ಹೇಗೆ? ಪುಸ್ತಕದಲ್ಲಿ ಹೆಸರಿದ್ದರೆ ತಾನೇ ಕರೆಯುವುದು?

ಅದಕ್ಕೇ ನಾವು ಹೇಳುವುದು, ಮೊದಲು ಹೆಸರು ಬರೆಸಿ. ಊಟ, ತೂಕ, ಚುಚ್ಚುಮದ್ದು, ತಪಾಸಣೆ, ಆಟಪಾಠ ಎಲ್ಲಕ್ಕೂ ಅದೇ ಬಾಗಿಲು.

“ಸರ್ಟಿಫಿಕೇಟ್ ಮಾಡಿಸಿಲ್ಲವಲ್ಲ?” ಅಂತ ಕೇಳ್ತೀರಿ. ಅಂಗನವಾಡಿಗೆ ಸೇರಿಸಲು ಅಂಗವಿಕಲತೆಯ ಸರ್ಟಿಫಿಕೇಟ್ ಬೇಕಿಲ್ಲ. ತಾಯಿ ಕಾರ್ಡ್, ತಾಯಿಯ ಆಧಾರ್ ತಗೊಂಡು ಹೋಗಿ. ಮಗುವಿನ ಜನನ ಪತ್ರ ಇದ್ದರೆ ಅದೂ ಇರಲಿ. ಮಗುವಿಗೆ ಆಧಾರ್ ಆಗಿಲ್ಲ ಅಂತ ವಾಪಸ್ಸು ಬರಬೇಡಿ, ತಾಯಿಯ ಆಧಾರ್ ಮೇಲೇ ಸೇರಿಸಬಹುದು. ಸರ್ಟಿಫಿಕೇಟ್ ಮತ್ತು ಯುಡಿಐಡಿ ಕಾರ್ಡ್ ಬೇಕಾಗುವುದು ಮಾಸಾಶನ, ಬಸ್ ಪಾಸ್ ಇಂಥ ಸೌಲಭ್ಯಗಳಿಗೆ. ಅದನ್ನು ಮಾಡಿಸುವ ದಾರಿ ತೋರಿಸಲು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಆ ಕೆಲಸ ನಿಧಾನವಾಗಿ ಆಗಲಿ, ಅಂಗನವಾಡಿ ಮಾತ್ರ ಅದಕ್ಕಾಗಿ ಕಾಯುವುದು ಬೇಡ.

“ಟೀಚರ್ ಬೇಡ ಅಂದರೆ?” ಇದೂ ನಿಜವಾದ ಪ್ರಶ್ನೆ. ಅಂಗನವಾಡಿ ಕಾರ್ಯಕರ್ತೆಗೂ ಕೆಲಸದ ಹೊರೆ ಇದೆ. ಇಪ್ಪತ್ತು ಮೂವತ್ತು ಮಕ್ಕಳು, ಸರ್ವೆ, ಮೊಬೈಲಿನಲ್ಲಿ ಲೆಕ್ಕ. ಜಗಳಕ್ಕೆ ಹೋಗಬೇಡಿ, ಕೂತು ಮಾತಾಡಿ. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅಂಗನವಾಡಿಗಳಲ್ಲಿ ವಿಕಲಚೇತನ ಮಕ್ಕಳಿಗಾಗಿಯೇ ಒಂದು ಕ್ರಮ ಹೊರಡಿಸಿದೆ. ಅದರಲ್ಲಿ ಮೂರು ಹೆಜ್ಜೆ: ಬೇಗ ಗುರುತಿಸುವುದು, ಉಳಿದ ಮಕ್ಕಳ ಜೊತೆಗೇ ಕೂರಿಸಿಕೊಂಡು ಮನೆಯವರಿಗೂ ಹೇಳಿಕೊಡುವುದು, ಆಶಾ ಮತ್ತು ವೈದ್ಯರ ತಂಡದ ಮೂಲಕ ಆಸ್ಪತ್ರೆಗೆ ಕಳಿಸುವುದು. ಇದನ್ನು ನೆನಪಿಸಿ. ಆಮೇಲೂ ಆಗಲ್ಲ ಅಂದರೆ ಸಂಘದ ನಾಲ್ಕು ಜನ ಸೇರಿ ಮೇಲ್ವಿಚಾರಕಿಗೆ, ಆಮೇಲೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಅರ್ಜಿ ಕೊಡಿ. ಅರ್ಜಿಯ ಒಂದು ಪ್ರತಿಗೆ ಸೀಲು ಹಾಕಿಸಿಕೊಂಡು ಇಟ್ಟುಕೊಳ್ಳಿ.

ಕೂಸನ್ನು ಬಿಟ್ಟು ಬರುವಾಗ ತಾಯಿ ಮಾಡಬೇಕಾದ್ದೂ ಇದೆ. ಮೊದಲ ಒಂದೆರಡು ವಾರ ದಿನಕ್ಕೆ ಒಂದು ಗಂಟೆ ಸಾಕು, ತಾಯಿಯೋ ಅಜ್ಜಿಯೋ ಜೊತೆಗೇ ಕೂರಲಿ. ಕೂಸು ಹೇಗೆ ಊಟ ಮಾಡುತ್ತದೆ, ಒಂದ ಮಾಡಲು ಯಾವ ಸನ್ನೆ ಮಾಡುತ್ತದೆ, ಯಾವುದಕ್ಕೆ ಹೆದರುತ್ತದೆ ಎಂದು ಟೀಚರ್‌ಗೂ ಸಹಾಯಕಿಗೂ ಹೇಳಿ. ಮೂರ್ಛೆ ಬರುವ ಕೂಸಾದರೆ ಮುಚ್ಚಿಡಬೇಡಿ. ಯಾವ ಮಾತ್ರೆ, ಯಾವ ಹೊತ್ತಿಗೆ ಅನ್ನುವುದನ್ನು ಚೀಟಿಯಲ್ಲಿ ಬರೆಸಿ ಕೊಡಿ. ಕಣ್ಣು, ಕಿವಿ ಮಂದವಾದ ಕೂಸನ್ನು ಟೀಚರ್ ಹತ್ತಿರ ಮುಂದೆ ಕೂರಿಸಲು ಹೇಳಿ. ಕೂರಲಾಗದ ಕೂಸಿಗೆ ಬೆನ್ನಿಗೆ ಒಂದು ದಿಂಬು ಸಾಕಾದೀತು. ಮನೆಯಲ್ಲಿ ತಮಿಳೋ ಸೋಲಿಗರ ಮಾತೋ ಆಡುವವರಾದರೆ, ಕೂಸಿಗೆ ತಿಳಿಯುವ ನಾಲ್ಕಾರು ಮಾತುಗಳನ್ನು ಟೀಚರ್‌ಗೆ ಹೇಳಿಕೊಡಿ. ಇಲ್ಲದಿದ್ದರೆ ಭಾಷೆ ತಿಳಿಯದ್ದನ್ನೇ ಬುದ್ಧಿ ಇಲ್ಲ ಅಂತ ತಿಳಿದುಬಿಟ್ಟಾರು.

ಅಂಗನವಾಡಿಗೆ ಹೋದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಅಂತ ನಾವು ಸುಳ್ಳು ಹೇಳುವುದಿಲ್ಲ. ಕಾಲಿಗೆ ವ್ಯಾಯಾಮ ಬೇಕಾಗಬಹುದು, ಕಿವಿಗೆ ಯಂತ್ರ ಬೇಕಾಗಬಹುದು. ಕಿವಿ ಮತ್ತು ಮಾತಿನ ತೊಂದರೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಆದರೆ ಸಣ್ಣ ವಯಸ್ಸಿನಲ್ಲೇ ಹೋಗಬೇಕು. ಒಂದೂವರೆ ವರ್ಷವಾದರೂ ನಡೆಯದಿದ್ದರೆ, ಎರಡು ವರ್ಷವಾದರೂ ಎರಡು ಪದ ಕೂಡಿಸಿ ಆಡದಿದ್ದರೆ, “ಅವರಪ್ಪನೂ ತಡವಾಗೇ ಮಾತಾಡಿದ್ದು” ಅಂತ ಸುಮ್ಮನಿರಬೇಡಿ. ಆಶಾ ಕಾರ್ಯಕರ್ತೆಗೆ ಅವತ್ತೇ ಹೇಳಿ. ಆರು ವರ್ಷವಾದ ಮೇಲೆ ಶಾಲೆಯ ಹಕ್ಕೂ ಇದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ನಲವತ್ತು ಪರ್ಸೆಂಟಿಗೆ ಕಡಿಮೆಯಿಲ್ಲದ ಅಂಗವಿಕಲತೆ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಉಚಿತ ಶಿಕ್ಷಣ ಅಂತ ಇದೆ. ಮೂರು ವರ್ಷಕ್ಕೇ ನಾಲ್ಕು ಮಕ್ಕಳ ಜೊತೆ ಕೂತು ಅಭ್ಯಾಸವಾದ ಕೂಸು ಆ ಶಾಲೆಯ ಹೊಸಿಲು ದಾಟುವುದು ಸುಲಭ.

ಕೊನೆಯದಾಗಿ ಸಂಘದ ಕೆಲಸ. ಮುಂದಿನ ವಾರದ ಸಭೆಯಲ್ಲಿ ನಿರ್ಣಯ ಪುಸ್ತಕದಲ್ಲಿ ಒಂದು ಸಾಲು ಬರೆಯಿರಿ: ನಮ್ಮ ಬೀದಿಯಲ್ಲಿ, ನಮ್ಮ ಪೋಡಿನಲ್ಲಿ ಅಂಗನವಾಡಿಗೆ ಹೋಗದ ಕೂಸು ಯಾವುದು? ಸದಸ್ಯೆಯ ಮನೆಯದೇ ಆಗಬೇಕೆಂದಿಲ್ಲ. ಆ ತಾಯಿಯ ಜೊತೆ ಇಬ್ಬರು ಹೋಗಿ ಹೆಸರು ಬರೆಸಿ ಬನ್ನಿ. ಅವಳು ಕೂಲಿಗೆ ಹೋಗುವ ದಿನ ಕೂಸನ್ನು ಎತ್ತಿಕೊಂಡು ಹೋಗಲು ಸರದಿ ಹಾಕಿಕೊಳ್ಳಿ. ಆನೆ ಓಡಾಡುವ ದಾರಿಯಲ್ಲಿ ಒಬ್ಬಳೇ ಹೋಗುವುದಕ್ಕಿಂತ ಅದೂ ಒಳ್ಳೆಯದು. ಆಸ್ಪತ್ರೆಗೆ ಹೋಗುವ ಬಸ್ ಚಾರ್ಜಿಗೆ ಸಂಘದಿಂದ ಸಣ್ಣ ಸಾಲ ಕೊಡಿ. ಕೇಂದ್ರಕ್ಕೆ ಇಳಿಜಾರು ದಾರಿ, ಹಿಡಿದುಕೊಳ್ಳಲು ಕಂಬಿ ಬೇಕಾದರೆ ಗ್ರಾಮಸಭೆಯಲ್ಲಿ ಎದ್ದು ಕೇಳಿ.

ಹತ್ತು ರೂಪಾಯಿಯಿಂದ ಉಳಿತಾಯ ಶುರು ಮಾಡಿ ಬ್ಯಾಂಕಿನ ಮೆಟ್ಟಿಲು ಹತ್ತಿದವರು ನೀವು. ಮೊದಲ ದಿನ ಮ್ಯಾನೇಜರ್ ಮುಂದೆ ನಿಂತಾಗ ಒಬ್ಬೊಬ್ಬರಿಗೂ ಕೈಕಾಲು ನಡುಗಿದ್ದು ನೆನಪಿದೆಯಲ್ಲ? ಹತ್ತು ಜನ ಒಟ್ಟಿಗೆ ಹೋಗಿದ್ದಕ್ಕೆ ಕೆಲಸ ಆಯಿತು. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಅಂಗನವಾಡಿ ಬಾಗಿಲಲ್ಲಿ ನಿಲ್ಲುವ ತಾಯಿಯ ಹಿಂದೆಯೂ ನೀವು ಹಾಗೇ ನಿಂತುಕೊಳ್ಳಿ.