ಹೆಸರು ಕೆಟ್ಟ ವಠಾರ

ಒಂದು ವಠಾರಕ್ಕೆ ಕೆಟ್ಟ ಹೆಸರು ಬಂದರೆ ಅದು ಗೋಡೆಗಳಿಗಷ್ಟೇ ಅಂಟಿಕೊಳ್ಳುವುದಿಲ್ಲ. ಒಳಗಿರುವವರ ಬೆನ್ನನ್ನೂ ಹತ್ತುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿದ್ದ ಪ್ರುಯಿಟ್-ಐಗೋ ವಸತಿಯ ಕಥೆ ಇದಕ್ಕೆ ಒಂದು ನಿದರ್ಶನ.

ಬಡವರಿಗಾಗಿ ಸರ್ಕಾರ ಕಟ್ಟಿಸಿದ ಹನ್ನೊಂದು ಅಂತಸ್ತಿನ ೩೩ ಕಟ್ಟಡಗಳು ಅವು. ಜನ ಬಂದು ನೆಲಸತೊಡಗಿದ್ದು ೧೯೫೪ರಲ್ಲಿ. ಕೊಳೆಗೇರಿಯಿಂದ ಬಂದ ಸಂಸಾರಗಳಿಗೆ ಗಾಳಿ ಬೆಳಕಿನ ಮನೆ, ಮನೆಯೊಳಗೇ ನಲ್ಲಿ ನೀರು, ಇವೇ ದೊಡ್ಡ ಭಾಗ್ಯವಾಗಿದ್ದವು. ಲಿಫ್ಟು ಮೂರು ಅಂತಸ್ತಿಗೊಮ್ಮೆ ನಿಲ್ಲುತ್ತಿತ್ತು. ನಿಂತಲ್ಲೆಲ್ಲ ಒಂದು ಉದ್ದನೆಯ ಪಡಸಾಲೆ. ಮಕ್ಕಳು ಅಲ್ಲಿ ಆಡಲಿ, ನೆರೆಹೊರೆಯವರು ಕಲೆಯಲಿ ಎಂಬುದು ಶಿಲ್ಪಿ ಮಿನೋರು ಯಮಸಾಕಿಯವರ ಎಣಿಕೆ. ನಮ್ಮ ಜಗಲಿ ಮಾಡುವ ಕೆಲಸವೇ ಅದು.

ಆದರೆ ದುರಸ್ತಿಗೆ ಬಾಡಿಗೆಯ ಹಣವೇ ಆಧಾರ. ೧೯೫೦ರಲ್ಲಿ ೮ ಲಕ್ಷ ೫೬ ಸಾವಿರವಿದ್ದ ನಗರದ ಜನಸಂಖ್ಯೆ ೧೯೭೦ಕ್ಕೆ ೬ ಲಕ್ಷ ೨೨ ಸಾವಿರಕ್ಕೆ ಇಳಿಯಿತು. ಮನೆಗಳು ಖಾಲಿಬಿದ್ದವು, ಬಾಡಿಗೆ ಕುಗ್ಗಿತು, ಕೆಟ್ಟ ಲಿಫ್ಟು ಕೆಟ್ಟೇ ಉಳಿಯಿತು. ಅದನ್ನು ಕಂಡು ಇನ್ನಷ್ಟು ಜನ ಬಿಟ್ಟುಹೋದರು. ಕಳ್ಳತನ, ಹೊಡೆದಾಟ ಹೆಚ್ಚಿದವು. ಹೊರಗಿನವರು, "ಅಲ್ಲಿಯ ಜನವೇ ಅಂಥವರು" ಎಂದುಬಿಟ್ಟರು.

ಆ ಮಾತು ನಿಜವೆ? ಆಸ್ಕರ್ ನ್ಯೂಮನ್ ಎಂಬ ವಾಸ್ತುಶಿಲ್ಪಿ ಅಲ್ಲಿ ಒಂದು ಸಂಗತಿಯನ್ನು ಗುರುತಿಸಿದರು. ಇಪ್ಪತ್ತು ಮನೆಗಳಿಗೆ ಸೇರಿದ ಪಡಸಾಲೆ ಹಾಳುಬಿದ್ದಿತ್ತು. ಎರಡೇ ಮನೆಗಳ ನಡುವಣ ಮೆಟ್ಟಿಲ ಕಟ್ಟೆ ಮಾತ್ರ ಚೊಕ್ಕಟವಾಗಿತ್ತು. ಎರಡು ಕಡೆಯೂ ಜನ ಅವರೇ ಅಲ್ಲವೆ? ತಮ್ಮದೆಂದು ನೋಡಿಕೊಳ್ಳಬಲ್ಲ ಜಾಗ ಸಿಕ್ಕಿದಲ್ಲಿ ಅವರು ಅದನ್ನು ನೋಡಿಕೊಂಡಿದ್ದರು.

೧೯೬೯ರಲ್ಲಿ ಇನ್ನೂ ದೊಡ್ಡ ಸಾಕ್ಷಿ ದೊರೆಯಿತು. ಸೌಕರ್ಯ ಇಳಿಯುತ್ತಿದ್ದರೂ ಬಾಡಿಗೆ ಏರುತ್ತಲೇ ಇತ್ತು. ಆಗ ಪ್ರುಯಿಟ್-ಐಗೋದವರೂ ನಗರದ ಇತರ ಸರ್ಕಾರಿ ವಸತಿಗಳವರೂ ಒಂದಾಗಿ ಬಾಡಿಗೆ ಕೊಡುವುದನ್ನೇ ನಿಲ್ಲಿಸಿದರು. ಮುಂದೆ ನಿಂತವರಲ್ಲಿ ಹೆಂಗಸರೇ ಹೆಚ್ಚು. ಫೆಬ್ರವರಿಯಿಂದ ಅಕ್ಟೋಬರಿನವರೆಗೆ ಅವರ ಒಗ್ಗಟ್ಟು ಮುರಿಯಲಿಲ್ಲ. ಕಡೆಗೆ ಬಾಡಿಗೆ ಇಳಿಯಿತು, ಆಡಳಿತದಲ್ಲಿ ಅವರ ಮಾತಿಗೂ ಎಡೆ ದೊರೆಯಿತು. ಸರ್ಕಾರಿ ವಸತಿಯ ಬಾಡಿಗೆ ವರಮಾನದ ಕಾಲು ಭಾಗವನ್ನು ಮೀರಬಾರದೆಂಬ ನಿಯಮವನ್ನು ಅದೇ ವರ್ಷ ಅಮೆರಿಕದ ಸಂಸತ್ತು ಇಡೀ ದೇಶಕ್ಕೆ ಮಾಡಿತು.

ಕಟ್ಟಡಗಳು ಮಾತ್ರ ಉಳಿಯಲಿಲ್ಲ. ೧೯೭೨ರಲ್ಲಿ ಸಿಡಿಮದ್ದಿಟ್ಟು ಕೆಡವತೊಡಗಿ, ೧೯೭೬ರ ಹೊತ್ತಿಗೆ ನೆಲಸಮ ಮಾಡಿದರು. ಉರುಳುವ ಕಟ್ಟಡದ ಚಿತ್ರವನ್ನು ಲೋಕವೆಲ್ಲ ನೋಡಿತು. ಒಂಬತ್ತು ತಿಂಗಳ ಆ ಒಗ್ಗಟ್ಟನ್ನು ಬಲ್ಲವರು ಕಡಿಮೆ. ಹೆಸರು ಕೆಟ್ಟ ಯಾವ ವಠಾರದ ಮುಂದೆ ಹಾದುಹೋದರೂ, ಅಲ್ಲಿಯ ಜನ ಎಂಥವರೆಂದು ಕೇಳುವ ಮೊದಲು ಅಲ್ಲಿಯ ದುರಸ್ತಿ ಯಾರ ಹೊಣೆಯೆಂದು ನಾವು ಕೇಳಬೇಕು.