ಬೇಸಗೆಗೆ ಮುನ್ನ ಕಾರಿನ ತಂಪು

ಶಿವರಾತ್ರಿಯ ದಿನ ಚಳಿ 'ಶಿವ ಶಿವಾ' ಎಂದು ಓಡಿಹೋಗುತ್ತದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಚಳಿ ಓಡುವ ಮೊದಲೇ ನೀವು ಮಾಡಿಸಿಕೊಳ್ಳಬೇಕಾದ ಒಂದು ಕೆಲಸವನ್ನು ನೆನಪಿಗೆ ತರುವುದೇ ನನ್ನ ಈ ಹೊತ್ತಿನ ಉದ್ದೇಶ. ಮನೆಯಲ್ಲಿ ಕಾರಿದ್ದರೆ ಅದರ ಎ.ಸಿ.ಯನ್ನು ಈಗಲೇ ಪರೀಕ್ಷೆ ಮಾಡಿಸಿಕೊಳ್ಳಿ. ಕನ್ನಡ ಪಂಡಿತನಿಗೂ ಕಾರಿನ ಎ.ಸಿ.ಗೂ ಏನು ನಂಟು ಎಂದು ನೀವು ಕೇಳಬಹುದು. ಮೂವತ್ತು ವರ್ಷ ಸಂಧಿ ಸಮಾಸಗಳನ್ನು ಬಿಡಿಸಿದವನು ನಟ್ಟು ಬೋಲ್ಟುಗಳನ್ನು ಬಿಡಿಸಿದವನಲ್ಲ, ನಿಜ. ಆದರೆ ಪೆಟ್ಟು ತಿಂದು ಕಲಿತ ಪಾಠವನ್ನು ನಾಲ್ವರಿಗೆ ಹೇಳಲು ಪದವಿಯೇನೂ ಬೇಕಾಗಿಲ್ಲವಷ್ಟೆ.

ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಎಂಬತ್ತು ದಾಟಿದ ನಮ್ಮ ತಾಯಿಗೆ ಕಲಬುರಗಿಯಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಮರುದಿನ ಅವರನ್ನು ಶಹಾಪುರಕ್ಕೆ ಕರೆದುಕೊಂಡು ಹೊರಟೆ. ಕಣ್ಣಿಗೆ ದೂಳು ತಾಗಕೂಡದೆಂದು ಡಾಕ್ಟರು ಎರಡೆರಡು ಸಲ ಎಚ್ಚರಿಸಿದ್ದರು. ಕಾಗದಪತ್ರಗಳೆಲ್ಲ ಕೈಗೆ ಬಂದು ನಾವು ಊರು ಬಿಡುವಾಗ ಹನ್ನೆರಡೂವರೆ ಗಂಟೆ. ನಮ್ಮ ಕಡೆ ಮೇ ತಿಂಗಳ ಮಧ್ಯಾಹ್ನವೆಂದರೆ ನೆರಳಿನಲ್ಲಿಯೇ ೪೨ ಡಿಗ್ರಿ. ಜೇವರ್ಗಿ ದಾಟುವ ಹೊತ್ತಿಗೆ ಕಿಂಡಿಗಳಿಂದ ಬರುತ್ತಿದ್ದ ತಂಪುಗಾಳಿ ಬೆಚ್ಚಗಾಯಿತು. ಇನ್ನು ಹತ್ತು ನಿಮಿಷದಲ್ಲಿ ಒಲೆಯ ಬಾಯಿಂದ ಬರುವ ಗಾಳಿಯಂತಾಯಿತು. ಕಿಟಕಿ ತೆರೆದರೆ ಬಿಸಿ ದೂಳು ಕಣ್ಣಿಗೆ, ಮುಚ್ಚಿದರೆ ಉಸಿರು ಕಟ್ಟುವ ಸೆಕೆ. "ತಮ್ಮಾ, ಜೀವ ಯಾಕೋ ತಳಮಳ ಅಂತದ" ಎಂದರು ನಮ್ಮವ್ವ. ಆಮೇಲೆ ಮಾತೇ ಇಲ್ಲ. ಹಿಂತಿರುಗಿ ನೋಡಿದರೆ ತಲೆ ಒಂದು ಕಡೆಗೆ ವಾಲಿತ್ತು.

ದಾರಿಬದಿಯ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿದೆ. ಹೊಲದ ಗುಡಿಸಲಿನವರು ಓಡಿಬಂದು ಹೊರಸು ಹಾಕಿ, ಗಡಿಗೆಯ ನೀರು ತಂದರು. ಒದ್ದೆ ಬಟ್ಟೆಯಿಂದ ಕೈಕಾಲು ಕುತ್ತಿಗೆ ಒರಸಿ, ಎಚ್ಚರವಾದ ಮೇಲೆ ಗುಟುಕು ಗುಟುಕಾಗಿ ನೀರು ಕುಡಿಸಿದೆವು. ಬಿಸಿಲು ಇಳಿಯುವವರೆಗೆ ಅಲ್ಲೇ ಕಾದು, ಸಂಜೆ ಊರು ಸೇರಿದೆವು. ತಾಯಿ ಉಳಿದರು, ಕಣ್ಣೂ ಉಳಿಯಿತು. ಆದರೆ ಆ ಮರದ ಕೆಳಗೆ ಕಳೆದ ಮೂರು ಗಂಟೆಗಳನ್ನು ನಾನು ಮರೆಯಲಾರೆ. ಏಕೆಂದರೆ ತಪ್ಪು ನನ್ನದೇ. ತಂಪು ಕುಂದುತ್ತಿರುವುದು ಫೆಬ್ರವರಿಯಲ್ಲೇ ನನಗೆ ಗೊತ್ತಾಗಿತ್ತು. ಹತ್ತನೆಯ ತರಗತಿಯ ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಪರೀಕ್ಷೆ ಮುಗಿದ ಮೇಲೆ ಮೌಲ್ಯಮಾಪನ ಮುಗಿಯಲಿ ಎಂದುಕೊಂಡೆ. ಕೊನೆಗೆ ಏಪ್ರಿಲಿನಲ್ಲಿ ಒಂದು ಗ್ಯಾರೇಜಿಗೆ ಹೋಗಿ, ಹಿಂದಿನ ಎರಡು ವರ್ಷ ಮಾಡಿಸಿದಂತೆಯೇ, ಕಾಲು ಗಂಟೆಯಲ್ಲಿ ಗ್ಯಾಸು ತುಂಬಿಸಿಕೊಂಡು ಬಂದಿದ್ದೆ.

ಆ ಪ್ರಸಂಗದ ಮರುವಾರ ಬೇರೊಬ್ಬ ವಯಸ್ಸಾದ ಮೆಕ್ಯಾನಿಕನ ಬಳಿ ಹೋದೆ. "ಪ್ರತಿ ವರ್ಷ ಗ್ಯಾಸು ಖರ್ಚಾಗುತ್ತದೆ" ಎಂದು ನಾನು ಹೇಳಿದ್ದಕ್ಕೆ ಆತ ನಕ್ಕು, "ಅದು ಪೆಟ್ರೋಲ್ ಅಲ್ರೀ ಸರ, ಖರ್ಚಾಗ್ಲಿಕ್ಕೆ. ವರ್ಷ ವರ್ಷ ಹಾಕಸ್ತೀರಂದ್ರ ಎಲ್ಲೋ ತೂತದ ಅಂತ ತಿಳೀಬೇಕು" ಎಂದ. ಈ ಒಂದು ಮಾತನ್ನು ನೀವು ನೆನಪಿಟ್ಟುಕೊಂಡರೆ ನನ್ನ ಭಾಷಣ ಸಾರ್ಥಕವಾಯಿತು.

ಆತ ಹೇಳಿದ್ದು ಹೇಗೆ ನಿಜವೆಂಬುದನ್ನು ಸ್ವಲ್ಪ ವಿಚಾರಿಸೋಣ. ಮಣ್ಣಿನ ಹೂಜಿಯಲ್ಲಿ ನೀರು ಏಕೆ ತಣ್ಣಗಾಗುತ್ತದೆ? ಹೊರಮೈಯಲ್ಲಿ ಜಿನುಗಿದ ನೀರು ಆವಿಯಾಗುವಾಗ ಹೂಜಿಯ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಕಾರಿನ ಎ.ಸಿ.ಯ ತತ್ತ್ವವೂ ಇಷ್ಟೇ. ಅದು ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ. ಬಹುಪಾಲು ಕಾರುಗಳಲ್ಲಿ ನೀರಿನ ಬದಲು ಈ ಕೆಲಸ ಮಾಡುವುದು ಆರ್-೧೩೪ಎ ಎಂಬ ವಸ್ತು. ಬಯಲಿನ ಒತ್ತಡದಲ್ಲಿ ಅದು ಸೊನ್ನೆಗಿಂತ ೨೬ ಡಿಗ್ರಿ ಕೆಳಗೇ ಕುದಿದು ಆವಿಯಾಗಿಬಿಡುತ್ತದೆ. ಡ್ಯಾಶ್‌ಬೋರ್ಡಿನ ಹಿಂದಿರುವ ಕೂಲಿಂಗ್ ಕಾಯಿಲಿನಲ್ಲಿ ಅದು ಆವಿಯಾಗಿ ಒಳಗಿನ ಶಾಖವನ್ನು ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ, ಮುಂಭಾಗದ ಕಂಡೆನ್ಸರಿಗೆ ತಳ್ಳುತ್ತದೆ. ಅಲ್ಲಿ ಶಾಖವನ್ನು ಹೊರಗಿನ ಗಾಳಿಗೆ ಕೊಟ್ಟು ಮತ್ತೆ ದ್ರವವಾಗುತ್ತದೆ. ಒಂದು ಸಣ್ಣ ಕಂಡಿಯ ಮೂಲಕ ನುಸುಳಿ ಮತ್ತೆ ಒಳಕ್ಕೆ ಬರುತ್ತದೆ. ಗಾಣದ ಎತ್ತಿನ ಹಾಗೆ ಅದೇ ಅನಿಲ ಅದೇ ಹಾದಿಯಲ್ಲಿ ಸುತ್ತುತ್ತಿರುತ್ತದೆ. ಕೊಳವೆಗಳ ಮೂಲಕ ಕಾಲಕ್ರಮದಲ್ಲಿ ಎಳ್ಳಷ್ಟು ಜಿನುಗುವುದುಂಟು. ಆದರೆ ವರ್ಷಕ್ಕೊಮ್ಮೆ ತುಂಬಿಸಬೇಕಾದರೆ ಅದು ಸೋರಿಕೆಯೇ ಹೊರತು ಬೇರೆಯಲ್ಲ.

ನಮ್ಮ ಕನ್ನಡ ಸಂಧಿಗಳು ಮೂರು ಎಂಬುದು ಶಾಲೆ ಓದಿದವರಿಗೆಲ್ಲ ತಿಳಿದದ್ದೇ: ಲೋಪ, ಆಗಮ, ಆದೇಶ. ನಾನು ಮೂರು ವರ್ಷ ಅನಿಲದ ಲೋಪವನ್ನು ಕಂಡು ಆಗಮವನ್ನಷ್ಟೇ ಮಾಡಿಸುತ್ತ ಬಂದೆ. ಬೇಕಾಗಿದ್ದದ್ದು ಆದೇಶ, ಎಂದರೆ ಕೆಟ್ಟದ್ದನ್ನು ತೆಗೆದು ಅದರ ಸ್ಥಾನದಲ್ಲಿ ಒಳ್ಳೆಯದನ್ನಿಡುವುದು. ರಸ್ತೆಯ ಕಲ್ಲೊಂದು ಸಿಡಿದು ನನ್ನ ಕಾರಿನ ಕಂಡೆನ್ಸರಿನಲ್ಲಿ ಸೂಜಿಮೊನೆಯಷ್ಟು ರಂಧ್ರವಾಗಿತ್ತು. ಅನಿಲದೊಡನೆ ಕಂಪ್ರೆಸರಿನ ಎಣ್ಣೆಯೂ ಸುತ್ತುವುದರಿಂದ, ಸೋರುವ ಕಡೆ ಎಣ್ಣೆ ಜಿನುಗಿ ದೂಳು ಅಂಟಿಕೊಳ್ಳುತ್ತದೆ. ಆ ಕಪ್ಪು ಕಲೆಯನ್ನು ಆತ ಬೆರಳಿಟ್ಟು ತೋರಿಸಿದ. ಆ ಎಣ್ಣೆ ಕಡಮೆಯಾದಂತೆ ಕಂಪ್ರೆಸರೂ ಸವೆಯುತ್ತದೆ. ಸಣ್ಣ ರಿಪೇರಿ ದೊಡ್ಡದಾಗುವುದು ಹೀಗೆಯೇ.

ಆದುದರಿಂದ ಗ್ಯಾರೇಜಿಗೆ ಹೋದಾಗ "ಗ್ಯಾಸು ಹಾಕಿ" ಎನ್ನಬೇಡಿ. "ಲೀಕ್ ಇದೆಯೇ ನೋಡಿ" ಎನ್ನಿ. ಬಲ್ಲವರು ನೈಟ್ರೋಜನ್ ಅನಿಲವನ್ನು ಒತ್ತಡದಲ್ಲಿ ತುಂಬಿ, ಕೂಡುಗಳಿಗೆ ಸಾಬೂನಿನ ನೊರೆ ಹಚ್ಚಿ, ಗುಳ್ಳೆ ಏಳುವುದೇ ಎಂದು ನೋಡುತ್ತಾರೆ. ದೋಷ ಸರಿಪಡಿಸಿದ ಮೇಲೆ ಪಂಪಿನಿಂದ ಒಳಗಿನ ಗಾಳಿಯನ್ನೂ ತೇವವನ್ನೂ ಪೂರ್ತಿ ಎಳೆದುಹಾಕಬೇಕು. ಕೊನೆಗೆ ಅನಿಲವನ್ನು ತೂಕ ಮಾಡಿ ತುಂಬಬೇಕು. ಯಾವ ಅನಿಲ, ಎಷ್ಟು ಗ್ರಾಂ ಎಂಬುದು ಸಾಮಾನ್ಯವಾಗಿ ಬಾನೆಟ್ಟಿನ ಒಳಗಡೆ ಅಂಟಿಸಿದ ಚೀಟಿಯಲ್ಲಿರುತ್ತದೆ. ಸಣ್ಣ ಕಾರಿಗೆ ಸುಮಾರು ಅರ್ಧ ಕಿಲೋ. ಹೆಚ್ಚು ತುಂಬಿದರೆ ಹೆಚ್ಚು ತಂಪೆಂದು ಭ್ರಮಿಸಬೇಡಿ. ಹೆಚ್ಚಾದರೂ ತಂಪು ಕುಗ್ಗುತ್ತದೆ. ಇನ್ನೊಂದು ಮಾತು. ಹಳೆಯ ಅನಿಲವನ್ನು ಗಾಳಿಗೆ ಬಿಡದೆ ಯಂತ್ರದಲ್ಲಿ ಹಿಡಿದಿಡಲು ಹೇಳಿ. ಹಿಂದೆ ಬಳಸುತ್ತಿದ್ದ ಆರ್-೧೨ ಆಕಾಶದ ಓಜೋನ್ ಪದರವನ್ನು ಕೆಡಿಸುತ್ತದೆಂದು ೧೯೮೭ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಕೈಬಿಟ್ಟರು. ಈಗಿನ ಆರ್-೧೩೪ಎ ಓಜೋನನ್ನು ಕೆಡಿಸದಿದ್ದರೂ ಭೂಮಿಯನ್ನು ಕಾಯಿಸುವುದರಲ್ಲಿ ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಒಂದು ಸಾವಿರ ಪಟ್ಟಿಗೂ ಮೀರಿದ್ದು. ನಮ್ಮ ತಂಪಿಗಾಗಿ ಮೊಮ್ಮಕ್ಕಳ ಬೇಸಗೆಯನ್ನು ಬಿಸಿಮಾಡುವುದು ನ್ಯಾಯವಲ್ಲ.

ಎಲ್ಲ ದೋಷವೂ ಸೋರಿಕೆಯದೇ ಅಲ್ಲ. ಕೆಲವನ್ನು ನೀವೇ ಗುರುತಿಸಬಹುದು. ಕಾರು ಓಡುವಾಗ ತಂಪಿದ್ದು, ಸಿಗ್ನಲಿನಲ್ಲಿ ನಿಂತಾಗ ಬೆಚ್ಚಗಾದರೆ ಕಂಡೆನ್ಸರಿನ ಫ್ಯಾನು ತಿರುಗುತ್ತಿಲ್ಲವೋ, ಅದರ ಜಾಲಿಗೆ ದೂಳು ಹುಳು ತುಂಬಿದೆಯೋ ನೋಡಿಸಿ. ಗಾಳಿ ತಣ್ಣಗಿದ್ದೂ ಸಾಲದಷ್ಟು ಬಂದರೆ ಫಿಲ್ಟರ್ ಕಟ್ಟಿರುವ ಸಂಭವ ಹೆಚ್ಚು; ಅನೇಕ ಕಾರುಗಳಲ್ಲಿ ಅದು ಕೈಪೆಟ್ಟಿಗೆಯ ಹಿಂದೆ ಇದ್ದು, ಮನೆಯಲ್ಲೇ ತೆಗೆದು ಬದಲಿಸಬಹುದು. ಮುಗ್ಗಲು ವಾಸನೆ ಬಂದರೆ ಕೂಲಿಂಗ್ ಕಾಯಿಲಿನ ಮೇಲೆ ಬೂಷ್ಟು ಬೆಳೆದಿರಬಹುದು. ಕಾಲ ಕೆಳಗಿನ ಮ್ಯಾಟು ಒದ್ದೆಯಾದರೆ ನೀರು ಹೊರಹೋಗುವ ಸಣ್ಣ ಕೊಳವೆ ಕಟ್ಟಿರಬಹುದು. ಕಾರಿನ ಕೆಳಗೆ ರಸ್ತೆಯ ಮೇಲೆ ಶುದ್ಧ ನೀರು ತೊಟ್ಟಿಕ್ಕಿದರೆ ಮಾತ್ರ ಗಾಬರಿ ಬೇಡ. ಅದು ಆರೋಗ್ಯದ ಲಕ್ಷಣ. ಚಳಿಗಾಲದಲ್ಲಿಯೂ ವಾರಕ್ಕೊಮ್ಮೆ ಹತ್ತು ನಿಮಿಷ ಎ.ಸಿ. ಓಡಿಸಿ, ಎಣ್ಣೆ ಸುತ್ತಿ ಸೀಲುಗಳು ಒಣಗದೆ ಉಳಿಯುತ್ತವೆ.

ಕಾರಿಗೆ ಕಾರ್ಖಾನೆಯಲ್ಲಿಯೇ ತಂಪುಯಂತ್ರ ಕೂಡಿಸಿ ಮಾರಿದವರಲ್ಲಿ ಮೊದಲಿಗರು ಅಮೆರಿಕದ ಪ್ಯಾಕಾರ್ಡ್ ಕಂಪೆನಿಯವರು, ೧೯೪೦ರ ಮಾದರಿಯಲ್ಲಿ. ತಂಪು ಸಾಕೆನಿಸಿದರೆ ಎಂಜಿನು ನಿಲ್ಲಿಸಿ, ಕೆಳಗಿಳಿದು, ಬಾನೆಟ್ಟು ಎತ್ತಿ, ಕಂಪ್ರೆಸರಿನ ಬೆಲ್ಟನ್ನು ಕೈಯಿಂದ ಕಳಚಬೇಕಾಗಿತ್ತಂತೆ! ಇಂದು ಬೆರಳಿನಿಂದ ಒಂದು ಗುಂಡಿ ಒತ್ತಿದರಾಯಿತು. ಸುಲಭವಾದಷ್ಟೂ ನಮ್ಮ ಲಕ್ಷ್ಯ ಅದರ ಮೇಲಿಂದ ಜಾರಿತು.

ಎ.ಸಿ. ಸರಿಯಿದ್ದರೂ ಒಂದು ಎಚ್ಚರ ತಪ್ಪಕೂಡದು. ಬಿಸಿಲಲ್ಲಿ ನಿಂತ ಕಾರಿನ ಒಳಗಣ ಉಷ್ಣ ಬಹುಮಟ್ಟಿಗೆ ಏರುವುದು ಮೊದಲ ಅರ್ಧ ಗಂಟೆಯಲ್ಲೇ. "ಐದು ನಿಮಿಷದಲ್ಲಿ ಬಂದೆ" ಎಂದು ಮಗುವನ್ನಾಗಲಿ ಮುದುಕರನ್ನಾಗಲಿ ಒಳಗೆ ಬಿಟ್ಟು ಹೋಗಲೇಬೇಡಿ. ಬಿಸಿಲಲ್ಲಿ ನಿಂತ ಕಾರನ್ನು ಹತ್ತಿದೊಡನೆ ಕಿಟಕಿಗಳನ್ನು ಒಂದೆರಡು ನಿಮಿಷ ತೆರೆದು ಬಿಸಿಗಾಳಿಯನ್ನು ಹೊರಗೆ ಕಳಿಸಿ, ಆಮೇಲೆ ಮುಚ್ಚಿ ಎ.ಸಿ. ಹಾಕಿದರೆ ಬೇಗ ತಂಪಾಗುತ್ತದೆ.

ಕೋಟೆ ಕೊಳ್ಳೆಹೋದ ಮೇಲೆ ಊರ ಬಾಗಿಲು ಹಾಕಿದರು ಎಂಬ ಗಾದೆಯನ್ನು ನಾನು ತರಗತಿಯಲ್ಲಿ ಎಷ್ಟು ಸಲ ವಿಸ್ತರಿಸಿ ಬರೆಸಿದ್ದೇನೋ ಲೆಕ್ಕವಿಲ್ಲ. ಅದರ ಅರ್ಥ ನನಗೇ ತಿಳಿದದ್ದು ಆ ಬೇವಿನ ಮರದ ಕೆಳಗೆ. ನಿಮ್ಮ ಮನೆಯಲ್ಲಿಯೂ ಆಸ್ಪತ್ರೆಗೆ ಹೋಗಿಬರುವ ಹಿರಿಯರಿರಬಹುದು, ಬಾಣಂತಿಯಿರಬಹುದು, ಹಸುಗೂಸಿರಬಹುದು. ಅವರನ್ನು ನೆನೆದು, ಈ ಸಲ ಶಿವರಾತ್ರಿಗೆ ಮೊದಲೇ ಒಂದು ಬೆಳಗ್ಗೆಯನ್ನು ಈ ಕೆಲಸಕ್ಕೆ ಬಿಡುವು ಮಾಡಿಕೊಳ್ಳಿ. ನಮ್ಮವ್ವ ಈಗಲೂ ಕಾರು ಹತ್ತಿದೊಡನೆ ಕಿಂಡಿಗೆ ಕೈಯೊಡ್ಡಿ, "ತಂಪದ ಏನೋ ತಮ್ಮಾ?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ನಿಮ್ಮ ಉತ್ತರ ಈಗಲೇ ಸಿದ್ಧವಾಗಿರಲಿ.