ಮಗುವಿನ ಕೈಗೆ ಅದರ ಕೆಲಸ



ಇಂದು ನಾನು ಮಾತನಾಡಲಿರುವುದು ಆಕ್ಯುಪೇಷನಲ್ ಥೆರಪಿ ಎಂಬ ಚಿಕಿತ್ಸೆಯನ್ನು ಕುರಿತು. ಕನ್ನಡದಲ್ಲಿ ಇದಕ್ಕೆ ಔದ್ಯೋಗಿಕ ಚಿಕಿತ್ಸೆ ಎನ್ನುತ್ತಾರೆ. ಹೆಸರು ಕೇಳಿದ ಕೂಡಲೇ, "ಇದೇನೋ ನೌಕರಿಯ ತರಬೇತಿ ಇರಬೇಕು, ನಮ್ಮ ಮೂರು ವರ್ಷದ ಕೂಸಿಗೆ ಯಾಕಪ್ಪಾ?" ಎನ್ನುವವರುಂಟು. ಇಲ್ಲಿ ಉದ್ಯೋಗವೆಂದರೆ ಬೆಳಗಾಗೆದ್ದು ಮನುಷ್ಯ ಮಾಡುವ ಕೆಲಸ. ಉಣ್ಣುವುದು, ಅಂಗಿ ತೊಡುವುದು, ಆಡುವುದು, ಬರೆಯುವುದು, ಇವೇ ಮಗುವಿನ ಉದ್ಯೋಗ.

ನಾನು ವೈದ್ಯನಲ್ಲ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಸರ್ಕಾರದ ಸಹಾಯಧನ ತೆಗೆಯಲು ಬರುತ್ತಿದ್ದ ಅಂಗವಿಕಲ ಯುವಕರನ್ನು ಕೌಂಟರಿನಲ್ಲಿ ಕುಳಿತು ವರ್ಷಗಟ್ಟಲೆ ನೋಡಿದ್ದೇನೆ. ಚೀಟಿ ಬರೆಯುವುದು ತಂದೆ, ಹೆಬ್ಬೆಟ್ಟು ಹಿಡಿದು ಒತ್ತಿಸುವುದು ತಾಯಿ, ಹಣ ಎಣಿಸುವುದು ಅಣ್ಣ. ಹುಡುಗನ ಕೈ ಸುಮ್ಮನೆ ಪಕ್ಕದಲ್ಲಿ ಇರುತ್ತಿತ್ತು. ಆ ಮೂರರಲ್ಲಿ ಒಂದಾದರೂ ಆ ಕೈಗೆ ಬರುತ್ತಿತ್ತೇನೋ, ಯಾರೂ ಬಿಟ್ಟು ನೋಡಿರಲಿಲ್ಲ. "ಪಾಪ, ಅದರ ಕೈಲಿ ಏನಾಗುತ್ತೆ" ಎಂಬ ಪ್ರೀತಿಯ ಮಾತೇ ಎಷ್ಟೋ ಮಕ್ಕಳ ಕೈ ಕಟ್ಟಿಹಾಕುತ್ತದೆ.

ನಮ್ಮ ದೇಶದಲ್ಲಿ ಈ ವಿದ್ಯೆಗೆ ಬುನಾದಿ ಹಾಕಿದವರು ಕಮಲಾ ನಿಂಬಕರ್. ಅಮೆರಿಕದಲ್ಲಿ ಹುಟ್ಟಿ ಮರಾಠಿ ಮನೆಯ ಸೊಸೆಯಾದ ಈ ತಾಯಿ 1950ರಲ್ಲಿ ಮುಂಬಯಿಯಲ್ಲಿ ಭಾರತದ ಮೊದಲ ಆಕ್ಯುಪೇಷನಲ್ ಥೆರಪಿ ಶಾಲೆಯನ್ನು ತೆರೆದರು.

ಇದಕ್ಕೂ ಫಿಸಿಯೋಥೆರಪಿಗೂ ಏನು ವ್ಯತ್ಯಾಸ? ಫಿಸಿಯೋಥೆರಪಿ ನಮ್ಮ ಜನಕ್ಕೆ ಹೊಸದಲ್ಲ. ತಮಿಳುನಾಡು ಸರ್ಕಾರದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ 2021ರ ಆಗಸ್ಟ್ 5ರಂದು ಆರಂಭವಾದದ್ದು ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. 2004ರವರೆಗೆ ಕೃಷ್ಣಗಿರಿಯೂ ಧರ್ಮಪುರಿ ಜಿಲ್ಲೆಗೇ ಸೇರಿತ್ತು. ಆ ಯೋಜನೆಯಲ್ಲಿ ಮನೆಬಾಗಿಲಿಗೇ ಬಂದು ಫಿಸಿಯೋಥೆರಪಿ ಕೊಡುವ ಏರ್ಪಾಡಿದೆ. ಅದು ಮುಖ್ಯವಾಗಿ ಕೈಕಾಲಿನ ಬಲವನ್ನೂ ಚಲನೆಯನ್ನೂ ನೋಡಿಕೊಳ್ಳುತ್ತದೆ. ಆ ಬಲದಿಂದ ಮಗು ತಾನೇ ತುತ್ತು ಎತ್ತುವಂತೆ, ಗುಂಡಿ ಹಾಕಿಕೊಳ್ಳುವಂತೆ ಮಾಡುವುದು ಆಕ್ಯುಪೇಷನಲ್ ಥೆರಪಿ. ಎರಡೂ ಬೇಕು.

ಈ ಚಿಕಿತ್ಸೆಯ ಗುಟ್ಟು ದೊಡ್ಡ ಕೆಲಸವನ್ನು ಸಣ್ಣ ಸಣ್ಣ ಮೆಟ್ಟಿಲಾಗಿ ಒಡೆಯುವುದರಲ್ಲಿದೆ. ಅಂಗಿಯನ್ನೇ ತೆಗೆದುಕೊಳ್ಳಿ. ಎಲ್ಲವನ್ನೂ ನೀವೇ ತೊಡಿಸಿ, ಕೊನೆಗೆ ಅಂಚನ್ನು ಕೆಳಗೆ ಎಳೆದುಕೊಳ್ಳುವುದನ್ನು ಮಾತ್ರ ಮಗುವಿಗೆ ಬಿಡಿ. ಅದು ಕೈಗೆ ಬಂದ ಮೇಲೆ ಅದರ ಹಿಂದಿನ ಮೆಟ್ಟಿಲು. ಹೀಗೆ ಕೊನೆಯಿಂದ ಹಿಂದಕ್ಕೆ ಬಂದರೆ ಪ್ರತಿದಿನವೂ ಕೆಲಸ ಮುಗಿಸಿದ ಸಂತೋಷ ಮಗುವಿನದೇ ಆಗುತ್ತದೆ. ಒಂದು ಕೈ ಸ್ವಾಧೀನವಿಲ್ಲದಿದ್ದರೆ ತೊಡುವಾಗ ಆ ಕೈ ಮೊದಲು, ಬಿಚ್ಚುವಾಗ ಆ ಕೈ ಕೊನೆಗೆ.

ಊಟದ ವಿಷಯಕ್ಕೆ ಬರೋಣ. ಮಗುವನ್ನು ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ ಉಣಿಸಬೇಡಿ, ಅನ್ನ ಶ್ವಾಸನಾಳಕ್ಕೆ ಹೋದೀತು. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರುವಂತೆ ನೆಟ್ಟಗೆ ಕೂರಿಸಿ. ಹಿಡಿತ ಸಾಲದ ಮಗುವಿಗೆ ಚಮಚದ ಹಿಡಿಗೆ ಹಳೆಯ ಬಟ್ಟೆ ಸುತ್ತಿ ದಪ್ಪ ಮಾಡಿ. ತಟ್ಟೆ ಜಾರದಂತೆ ಕೆಳಗೆ ಒದ್ದೆ ಬಟ್ಟೆ ಹಾಸಿ. ಇದಕ್ಕೆ ಕಾಸು ಖರ್ಚಿಲ್ಲ. ಕೈ ಪಳಗಲು ರಾಗಿಹಿಟ್ಟು ನಾದುವುದು, ಅವರೆಕಾಯಿ ಸುಲಿಯುವುದು ಒಳ್ಳೆಯದು. ಕಾಳನ್ನು ಬಾಯಿಗೆ ಹಾಕಿಕೊಳ್ಳುವ ಮಗುವಾದರೆ ಹಿಟ್ಟೇ ಸಾಕು.

ಒಂದು ಎಚ್ಚರಿಕೆ. ಸೆಟೆದ ಕೈಕಾಲನ್ನು ಬಲವಂತದಿಂದ ನೀವಿ ಎಳೆಯಬೇಡಿ. ಫಿಟ್ಸ್ ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಸೆರಿಬ್ರಲ್ ಪಾಲ್ಸಿಯನ್ನು ಪೂರ್ತಿ ವಾಸಿ ಮಾಡುತ್ತೇವೆಂದು ಯಾರಾದರೂ ಹೇಳಿದರೆ, ಅವರ ಮಾತು ನಂಬಿ ಹಸು, ಹೊಲ ಮಾರಬೇಡಿ. ಈ ಚಿಕಿತ್ಸೆ ಮಿದುಳಿನ ಪೆಟ್ಟನ್ನು ಅಳಿಸುವುದಿಲ್ಲ. ಇರುವ ಶಕ್ತಿಯಲ್ಲಿ ಬದುಕನ್ನು ಹಗುರ ಮಾಡುತ್ತದೆ. ಫಲ ಕಾಣಲು ತಿಂಗಳುಗಳೇ ಬೇಕಾದೀತು.

ಎಲ್ಲಿಗೆ ಹೋಗಬೇಕು? ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದ ಮಗುವನ್ನು, ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸುವ ಮಗುವನ್ನು ಕೂಡಲೇ ಡಾಕ್ಟರಿಗೆ ತೋರಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯುತ್ತದೆ. ಅಲ್ಲಿಂದ ಮುಂದಕ್ಕೆ ಕಳಿಸಲು ಜಿಲ್ಲಾ ಮಟ್ಟದ ಶೀಘ್ರ ಚಿಕಿತ್ಸಾ ಕೇಂದ್ರಗಳನ್ನು ಏರ್ಪಡಿಸಲಾಗಿದೆ. ಸೇಲಂ, ಧರ್ಮಪುರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಈ ಕೇಂದ್ರದ ಬಗ್ಗೆ ವಿಚಾರಿಸಿ. ಹೊಸೂರು ಕಡೆಯವರಿಗೆ ಬೆಂಗಳೂರು ಹತ್ತಿರ, ಅಲ್ಲಿ 1980ರಲ್ಲಿ ಸ್ಥಾಪನೆಯಾದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇದೆ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗಾಗಿ ವಟ್ಟಾರ ವಳ ಮೈಯದಲ್ಲೂ ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಆಟಿಸಂ, ಸೆರಿಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ನಿರಾಮಯ ಎಂಬ ವಿಮೆಯೂ ಉಂಟು. ಅದರಿಂದ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಹಾಯ ಸಿಗುತ್ತದೆ, ಥೆರಪಿಯ ಖರ್ಚೂ ಅದರಲ್ಲಿ ಸೇರಿದೆ.

ಗಡಿನಾಡಿನವರಾದ ನಮಗೆ ಇನ್ನೊಂದು ಮಾತು. ಆಸ್ಪತ್ರೆಯಲ್ಲಿ ತಮಿಳಿನಲ್ಲಿ ಹೇಳಿಕೊಟ್ಟದ್ದನ್ನು ಮನೆಯಲ್ಲಿ ಅಜ್ಜಿ, ಅಕ್ಕ ಎಲ್ಲರೂ ಮಾಡಿಸಬೇಕಲ್ಲ? ತಿಳಿಯದ್ದನ್ನು ಅಲ್ಲೇ ಕೇಳಿ, ಮಾಡಿ ತೋರಿಸಲು ಹೇಳಿ. ಮನೆಗೆ ಬಂದು "ಹಿಡಿ, ಎತ್ತು, ಬಾಯಿಗಿಡು" ಎಂದು ಮಗು ದಿನವೂ ಕೇಳುವ ಮಾತಿನಲ್ಲೇ ಹೇಳಿ. ಎಲ್ಲರೂ ಒಂದೇ ಮಾತು ಬಳಸಿದರೆ ಮಗುವಿಗೆ ಗೊಂದಲವಾಗದು.

ಬೆಳೆದ ಮಕ್ಕಳಿಗೂ ಇದು ಬೇಕು. ರೇಷ್ಮೆಗೂಡು ಆರಿಸುವುದು, ಹೂ ಕಟ್ಟುವುದು, ಅಂಗಡಿಯಲ್ಲಿ ಚಿಲ್ಲರೆ ಎಣಿಸುವುದು, ಇವನ್ನೂ ಹೀಗೆಯೇ ಮೆಟ್ಟಿಲು ಮೆಟ್ಟಿಲಾಗಿ ಕಲಿಸಬಹುದು. ಕೂರುವ ಎತ್ತರ, ಸಾಮಾನಿಡುವ ಜಾಗ ಬದಲಿಸಿದರೆ ಆಗದೆಂದುಕೊಂಡದ್ದು ಎಷ್ಟೋ ಸಲ ಆಗುತ್ತದೆ.

ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇಂಥ ಮಗುವಿದ್ದರೆ, ನಾಳೆಯಿಂದ ಒಂದೇ ಒಂದು ಸಣ್ಣ ಕೆಲಸವನ್ನು ಅದರ ಕೈಗೆ ಬಿಡಿ. ತಡವಾದೀತು, ಅನ್ನ ಚೆಲ್ಲೀತು, ಸ್ವಲ್ಪ ಕಾಯಿರಿ. ದಿನಕ್ಕೆ ಹದಿನೈದು ನಿಮಿಷ ಹೀಗೆ ಕಾಯುವವರು ಮನೆಯಲ್ಲಿ ಒಬ್ಬರಾದರೂ ಇರಲಿ.